ಕೌಂಟ್ ನಾರ್ಮಲ್ ಆಯಿತೆಂದು ಮಾತ್ರೆ ಬಿಡಬೇಡಿ

"ಡಾಕ್ಟ್ರೇ, ರಕ್ತಕಣಗಳ ಕೌಂಟ್ ನಾರ್ಮಲ್ ಬಂದಿದೆಯಲ್ಲ, ಇನ್ನೂ ಯಾಕೆ ಮಾತ್ರೆ?"

ರಕ್ತರೋಗ ವಿಭಾಗದಲ್ಲಿ ಪದೇ ಪದೇ ಕೇಳಿಬರುವ ಪ್ರಶ್ನೆ ಇದು. ಕಬ್ಬಿಣದ ಕೊರತೆಯಿಂದ ರಕ್ತಹೀನತೆಯಾದವರೂ ಕೇಳುತ್ತಾರೆ. ಅವರಿಗೆ ಹಿಮೋಗ್ಲೋಬಿನ್ ಏರಿದ ಮೇಲೂ ಸುಮಾರು ಮೂರು ತಿಂಗಳು ಮಾತ್ರೆ ಬೇಕು, ದೇಹದ ಕಬ್ಬಿಣದ ದಾಸ್ತಾನು ತುಂಬಲು. ಅವರು ಬೇಗ ಬಿಟ್ಟರೆ ಸುಸ್ತು ಮರಳುತ್ತದೆ, ಅಷ್ಟೇ. ಆದರೆ ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ, ಅಂದರೆ ಸಿಎಂಎಲ್ ಎಂಬ ಬ್ಲಡ್ ಕ್ಯಾನ್ಸರ್ ಇರುವವರು ಬಿಟ್ಟರೆ ಜೀವಕ್ಕೇ ಅಪಾಯ. ಈ ಅಂಕಣ ಅವರಿಗಾಗಿ, ಅವರ ಮನೆಯವರಿಗಾಗಿ.

ಬ್ಲಡ್ ಕ್ಯಾನ್ಸರ್ ಎಂದರೆ ಒಂದೇ ಕಾಯಿಲೆಯಲ್ಲ. ಲ್ಯುಕೇಮಿಯಾ, ಲಿಂಫೋಮಾ, ಮೈಲೋಮಾ ಬೇರೆ ಬೇರೆ. ಲ್ಯುಕೇಮಿಯಾದಲ್ಲೂ ಕೆಲವು ವಾರಗಳಲ್ಲೇ ಉಲ್ಬಣಿಸುವುದುಂಟು, ವರ್ಷಗಟ್ಟಲೆ ಸದ್ದಿಲ್ಲದೆ ಇರುವುದೂ ಉಂಟು. ಸಿಎಂಎಲ್ ಎರಡನೆಯ ಬಗೆಯದು. ಬಿಳಿರಕ್ತಕಣ ಸಾಮಾನ್ಯವಾಗಿ 4,000ದಿಂದ 11,000 ಇರಬೇಕಾದದ್ದು ಇಲ್ಲಿ ಲಕ್ಷ ದಾಟಿರುತ್ತದೆ. ಗುಲ್ಮ (ಸ್ಪ್ಲೀನ್) ಊದಿಕೊಂಡು ಎಡಪಕ್ಕೆಯ ಕೆಳಗೆ ಭಾರವೆನಿಸುತ್ತದೆ, ನಾಲ್ಕು ತುತ್ತಿಗೇ ಹೊಟ್ಟೆ ತುಂಬುತ್ತದೆ. ಎಷ್ಟೋ ಜನ ಇದನ್ನು ಗ್ಯಾಸ್ಟ್ರಿಕ್ ಎಂದುಕೊಂಡು ತಿಂಗಳುಗಟ್ಟಲೆ ಕಳೆದಿರುತ್ತಾರೆ. ಇನ್ನು ಕೆಲವರಿಗೆ ಯಾವ ತೊಂದರೆಯೂ ಇರುವುದಿಲ್ಲ, ಬೇರಾವುದೋ ಕಾರಣಕ್ಕೆ ಮಾಡಿಸಿದ ಸಿಬಿಸಿಯಲ್ಲಿ, ಅಂದರೆ ರಕ್ತಕಣ ಎಣಿಸುವ ಪರೀಕ್ಷೆಯಲ್ಲಿ, ಸಿಕ್ಕಿಬೀಳುತ್ತದೆ.

ಕಾರಣ ಇಷ್ಟು ಸ್ಪಷ್ಟವಾಗಿ ಗೊತ್ತಿರುವ ಕ್ಯಾನ್ಸರ್‌ಗಳು ವಿರಳ. 1960ರಲ್ಲಿ ಫಿಲಡೆಲ್ಫಿಯಾದ ಪೀಟರ್ ನೊವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಈ ರೋಗಿಗಳ ಕಣಗಳಲ್ಲಿ ಅಸಹಜವಾಗಿ ಚಿಕ್ಕದಾದ ಒಂದು ಕ್ರೋಮೋಸೋಮ್ ಕಂಡರು. 9 ಮತ್ತು 22ನೇ ಕ್ರೋಮೋಸೋಮ್‌ಗಳು ತುಂಡು ಅದಲುಬದಲು ಮಾಡಿಕೊಂಡಿರುವುದೇ ಇದಕ್ಕೆ ಕಾರಣವೆಂದು 1973ರಲ್ಲಿ ಜಾನೆಟ್ ರೌಲಿ ತೋರಿಸಿದರು. ಆ ಬೆಸುಗೆಯಲ್ಲಿ ಬಿಸಿಆರ್-ಎಬಿಎಲ್ ಎಂಬ ಹೊಸ ಜೀನ್ ಹುಟ್ಟುತ್ತದೆ. ಅದು ತಯಾರಿಸುವ ಪ್ರೋಟೀನು ಮೂಳೆಮಜ್ಜೆಗೆ "ಕಣ ಮಾಡು, ಇನ್ನೂ ಮಾಡು" ಎಂದು ಬಿಡುವಿಲ್ಲದೆ ಆಜ್ಞೆ ಕೊಡುತ್ತಲೇ ಇರುತ್ತದೆ. ಇದು ತಂದೆತಾಯಿಯಿಂದ ಬಂದದ್ದಲ್ಲ, ಮಕ್ಕಳಿಗೆ ಹೋಗುವುದೂ ಇಲ್ಲ. ಈ ಮಾತನ್ನು ಪ್ರತಿ ಕುಟುಂಬಕ್ಕೂ ನಾನು ಎರಡೆರಡು ಸಲ ಹೇಳುತ್ತೇನೆ.

ಇಮ್ಯಾಟಿನಿಬ್ ಆ ಪ್ರೋಟೀನಿನ ಬಾಯಿ ಮುಚ್ಚಿಸುವ ಮಾತ್ರೆ. 2001ರಲ್ಲಿ ಅಮೆರಿಕದಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. ಅದಕ್ಕೂ ಮುಂಚೆ ಮೂಳೆಮಜ್ಜೆ ಕಸಿ ಅಥವಾ ಇಂಟರ್‌ಫೆರಾನ್ ಚುಚ್ಚುಮದ್ದು ಕೈಗೆಟುಕದ ರೋಗಿಗಳಲ್ಲಿ ಬಹಳಷ್ಟು ಜನ ಕೆಲವೇ ವರ್ಷಗಳಲ್ಲಿ ತೀರಿಕೊಳ್ಳುತ್ತಿದ್ದರು. ಇಮ್ಯಾಟಿನಿಬ್‌ನಿಂದ ಚಿಕಿತ್ಸೆ ಆರಂಭಿಸಿದವರನ್ನು ದೀರ್ಘಕಾಲ ಗಮನಿಸಿದ ದೊಡ್ಡ ಅಧ್ಯಯನವೊಂದರಲ್ಲಿ ಹತ್ತು ವರ್ಷದ ಬಳಿಕ ಶೇ 83ರಷ್ಟು ಜನ ಬದುಕಿದ್ದರು. ನಮ್ಮ ದೇಶದಲ್ಲಿ ಇದು ಬಡವರಿಗೂ ಸಿಗುವಂತಾದದ್ದಕ್ಕೆ ನ್ಯಾಯಾಲಯದ ಕಥೆಯೂ ಸೇರಿದೆ. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಈ ಮಾತ್ರೆಯ ಮೂಲ ತಯಾರಕರಾದ ನೊವಾರ್ಟಿಸ್ ಕಂಪನಿಯ ಪೇಟೆಂಟ್ ಬೇಡಿಕೆಯನ್ನು ತಳ್ಳಿಹಾಕಿದ್ದರಿಂದ ಇಲ್ಲಿಯ ಕಂಪನಿಗಳ ಅಗ್ಗದ ಜೆನೆರಿಕ್ ಮಾತ್ರೆಗಳು ಉಳಿದುಕೊಂಡವು. ಆ ತೀರ್ಪಿನ ಮೌಲ್ಯ ಏನೆಂಬುದನ್ನು ನಾನು ದಿನವೂ ನನ್ನ ಎದುರಿನ ಕುರ್ಚಿಯಲ್ಲಿ ನೋಡುತ್ತೇನೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಸಿಬಿಸಿಯ ಕೌಂಟ್ ಒಂದೆರಡು ತಿಂಗಳಲ್ಲೇ ಸರಿಹೋಗುತ್ತದೆ. ಗರಿಕೆಯನ್ನು ನೆಲಮಟ್ಟಕ್ಕೆ ಕೊಯ್ದ ಹಾಗೆ ಅದು, ಬೇರು ಒಳಗೇ ಇರುತ್ತದೆ. ಬೇರು ಎಷ್ಟಿದೆಯೆಂದು ತೋರಿಸುವುದು ರಕ್ತದಲ್ಲೇ ಮಾಡುವ ಬಿಸಿಆರ್-ಎಬಿಎಲ್ ಪಿಸಿಆರ್ ಪರೀಕ್ಷೆ. ಅದರಲ್ಲಿ ಬಿಸಿಆರ್-ಎಬಿಎಲ್ ಪ್ರಮಾಣ ಮೂರು ತಿಂಗಳಿಗೆ ಶೇ 10ಕ್ಕೆ, ಆರು ತಿಂಗಳಿಗೆ ಶೇ 1ಕ್ಕೆ, ವರ್ಷಕ್ಕೆ ಶೇ 0.1ಕ್ಕೆ ಇಳಿದರೆ ದಾರಿ ಸರಿಯಿದೆ. ಇಳಿಯದಿದ್ದರೆ ನಾನು ಕೇಳುವ ಮೊದಲ ಪ್ರಶ್ನೆ ಔಷಧ ಬದಲಿಸಬೇಕೇ ಎಂಬುದಲ್ಲ, ಮಾತ್ರೆ ತಪ್ಪುತ್ತಿದೆಯೇ ಎಂಬುದು. 2010ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ವೈದ್ಯರು ಮಾತ್ರೆ ಡಬ್ಬಿಯ ಮುಚ್ಚಳಕ್ಕೇ ಎಲೆಕ್ಟ್ರಾನಿಕ್ ಚಿಪ್ ಇಟ್ಟು ಲೆಕ್ಕ ಹಾಕಿದರು. ಶೇ 90ಕ್ಕಿಂತ ಹೆಚ್ಚು ಮಾತ್ರೆ ನುಂಗಿದವರಲ್ಲಿ ಬಹುತೇಕ ಎಲ್ಲರಿಗೂ ಒಳ್ಳೆಯ ಫಲ ಸಿಕ್ಕಿತ್ತು, ಅದಕ್ಕಿಂತ ಕಡಿಮೆ ನುಂಗಿದವರಲ್ಲಿ ಮೂರನೇ ಒಂದು ಪಾಲಿಗೂ ಇಲ್ಲ. ತಿಂಗಳಿಗೆ ಮೂರು ಮಾತ್ರೆ ತಪ್ಪಿದರೆ ಆ ಗಡಿಗೆ ಬಂದಾಯಿತು.

ತಪ್ಪುವುದು ಅಸಡ್ಡೆಯಿಂದ ಎಂದು ಯಾರೂ ಭಾವಿಸಬಾರದು. ನಮ್ಮಲ್ಲಿ ಈ ಕಾಯಿಲೆ ಮೂವತ್ತು-ನಲವತ್ತರ ವಯಸ್ಸಿನಲ್ಲೇ ಬರುವುದು ಹೆಚ್ಚು. ಹೊಸದಾಗಿ ಮದುವೆಯಾದ ಹುಡುಗಿ ಮಾತ್ರೆಯನ್ನು ಅತ್ತೆ ಮನೆಯಲ್ಲಿ ಬಚ್ಚಿಟ್ಟು ನುಂಗುತ್ತಾಳೆ, ಬೀಗರು ಬಂದ ವಾರ ನುಂಗುವುದೇ ಇಲ್ಲ. ಇಮ್ಯಾಟಿನಿಬ್ ಕೆಲವರ ಚರ್ಮದ ಬಣ್ಣವನ್ನು ತಿಳಿಗೊಳಿಸುತ್ತದೆ, ಕಣ್ಣಸುತ್ತ ಊದಿಸುತ್ತದೆ. ತೊನ್ನು ಬಂತೇನೋ ಎಂಬ ನೆರೆಯವರ ಒಂದು ಮಾತಿಗೆ ಮಾತ್ರೆ ಬಿಟ್ಟವರಿದ್ದಾರೆ. ಅದು ತೊನ್ನಲ್ಲ, ಯಾರಿಗೂ ಅಂಟುವುದೂ ಇಲ್ಲ. ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು, ವಾಕರಿಕೆ ಕೂಡ ಸಾಮಾನ್ಯ. ಇವೆಲ್ಲಕ್ಕೂ ಪರಿಹಾರವಿದೆ, ನಮಗೆ ಹೇಳಬೇಕು ಅಷ್ಟೇ. ಇಮ್ಯಾಟಿನಿಬ್ ಹೊಂದದವರಿಗೆ ಡಸಾಟಿನಿಬ್, ನಿಲೋಟಿನಿಬ್‌ನಂಥ ಬೇರೆ ಮಾತ್ರೆಗಳೂ ಇವೆ.

ಇಮ್ಯಾಟಿನಿಬ್ ಅನ್ನು ಊಟದ ಜೊತೆ ದೊಡ್ಡ ಲೋಟ ನೀರಿನಲ್ಲಿ ನುಂಗಿ. ಏಕಾದಶಿಯೋ ರಂಜಾನ್ ಉಪವಾಸವೋ ಇದ್ದರೆ ಸಂಜೆಯ ಊಟಕ್ಕೆ ಹೊಂದಿಸಿಕೊಳ್ಳಬಹುದು. ನಿಲೋಟಿನಿಬ್ ಮಾತ್ರ ಖಾಲಿ ಹೊಟ್ಟೆಗೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಇಮ್ಯಾಟಿನಿಬ್‌ನ ಬಲ ಕುಗ್ಗಿಸುತ್ತವೆ. ಆದ್ದರಿಂದ ಯಾವ ಡಾಕ್ಟರ ಬಳಿ ಹೋದರೂ ಈ ಮಾತ್ರೆಯ ಹೆಸರು ಹೇಳಿ. ಗ್ರೇಪ್‌ಫ್ರೂಟ್ (ದ್ರಾಕ್ಷಿಯಲ್ಲ, ಕಿತ್ತಳೆ ಜಾತಿಯ ಹಣ್ಣು) ಇದರ ಜೊತೆ ಕೂಡದು. ಚಕ್ಕೋತ ಅದರ ಹತ್ತಿರದ ನೆಂಟ, ಹಾಗಾಗಿ ಅದನ್ನೂ ಬೇಡವೆನ್ನುತ್ತೇನೆ. ಮಗು ಬೇಕೆಂದಿರುವ ಹೆಣ್ಣುಮಕ್ಕಳು ಗರ್ಭಕ್ಕೆ ಮುಂಚೆಯೇ ಬಂದು ಮಾತಾಡಬೇಕು, ಭ್ರೂಣಕ್ಕೆ ಈ ಮಾತ್ರೆ ಒಳ್ಳೆಯದಲ್ಲ. ಅದಕ್ಕೊಂದು ಯೋಜನೆ ಮಾಡಿಕೊಡಬಹುದು, ಆದರೆ ತಾವಾಗಿಯೇ ನಿಲ್ಲಿಸಿ ನಂತರ ಬರುವುದು ಬೇಡ.

ಮಾತ್ರೆ ಎಂದಾದರೂ ನಿಲ್ಲಿಸಬಹುದೇ? ಕೆಲವರಿಗೆ ಹೌದು. ಇಮ್ಯಾಟಿನಿಬ್ ಅನ್ನು ಐದು ವರ್ಷಕ್ಕಿಂತ ಹೆಚ್ಚು ನುಂಗಿ, ಪಿಸಿಆರ್‌ನಲ್ಲಿ ಶೇ 0.01 ಅಥವಾ ಅದಕ್ಕೂ ಕೆಳಗೆ ಎರಡು ವರ್ಷ ದಾಟಿ ನಿಂತವರಿಗೆ, ನಮ್ಮ ಕಣ್ಗಾವಲಿನಲ್ಲಿ, ಮೊದಲಿಗೆ ತಿಂಗಳು ತಿಂಗಳೂ ಪಿಸಿಆರ್ ಮಾಡಿಸಿಕೊಳ್ಳುವ ಒಪ್ಪಂದದ ಮೇಲೆ. ಹೀಗೆ ನಿಲ್ಲಿಸಿದವರಲ್ಲೂ ಸುಮಾರು ಅರ್ಧದಷ್ಟು ಜನರಿಗೆ ರೋಗದ ಸುಳಿವು ಮರಳುತ್ತದೆ, ಹೆಚ್ಚಾಗಿ ಮೊದಲ ಆರು ತಿಂಗಳಲ್ಲೇ. ಆಗಲೇ ಮತ್ತೆ ಶುರುಮಾಡಿದರೆ ಬಹುತೇಕ ಎಲ್ಲರಿಗೂ ಹತೋಟಿಗೆ ಬರುತ್ತದೆ. ಗಮನಿಸುವವರಿಲ್ಲದೆ ಬಿಟ್ಟವರಿಗೆ ಆ ಅವಕಾಶ ತಪ್ಪಬಹುದು, ಕಾಯಿಲೆ ಬ್ಲಾಸ್ಟ್ ಕ್ರೈಸಿಸ್ ಎಂಬ ಉಲ್ಬಣದ ಹಂತಕ್ಕೆ ಜಿಗಿದರೆ ಮಾತ್ರೆಯೊಂದರಿಂದಲೇ ಸಾಲದು.

ಈಗಾಗಲೇ ಬಿಟ್ಟು ವಾರಗಳೋ ತಿಂಗಳುಗಳೋ ಆಗಿದ್ದರೆ, ಡಾಕ್ಟರು ಬೈಯುತ್ತಾರೆಂದು ಮನೆಯಲ್ಲೇ ಕೂರಬೇಡಿ. ಹಳೆಯ ಪಿಸಿಆರ್ ವರದಿಗಳಿದ್ದರೆ ತನ್ನಿ. ಇಲ್ಲದಿದ್ದರೆ ಬರಿಗೈಯಲ್ಲೇ ಬನ್ನಿ, ಪರೀಕ್ಷೆಯನ್ನು ಮತ್ತೆ ಮಾಡಿಸಬಹುದು.