ಎಲ್ಲರೂ ಗ್ಲೌಸ್ ಹಾಕಿರ್ತಾರೆ, ಮತ್ತೆ ಎನ್‌ಐಸಿಯು ಮಗುವಿಗೆ ಸೋಂಕು ಹೇಗೆ ತಗಲುತ್ತೆ?

ಪ್ರಶ್ನೆ: ತಂಗಿಯ ಮಗು ಏಳನೇ ತಿಂಗಳಿಗೇ ಹುಟ್ಟಿ ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇದೆ. ಈಗ ರಕ್ತದಲ್ಲಿ ಸೋಂಕು ಅಂತಿದ್ದಾರೆ. ಅಲ್ಲಿ ಎಲ್ಲರ ಕೈಯಲ್ಲೂ ಗ್ಲೌಸ್ ಇರುತ್ತೆ. ಸಿಬ್ಬಂದಿಗೆ ಟ್ರೈನಿಂಗ್ ಕೊಡಲ್ವಾ?

ಕೊಡುತ್ತಾರೆ. ತೊಂದರೆ ಇರುವುದು ಆ ಗ್ಲೌಸ್‌ನಲ್ಲೇ. ಅದನ್ನು ಹಾಕಿಕೊಂಡೇ ಮಾನಿಟರ್ ಬಟನ್ ಒತ್ತಿ, ಕೇಸ್ ಶೀಟ್ ಬರೆದು, ಪಕ್ಕದ ಮಗುವಿನ ಡ್ರಿಪ್ ಸರಿ ಮಾಡಿ ಆಮೇಲೆ ನಿಮ್ಮ ಮಗುವನ್ನು ಮುಟ್ಟಿದರೆ, ಗ್ಲೌಸ್ ಕಾಪಾಡಿದ್ದು ಹಾಕಿಕೊಂಡವರ ಕೈಯನ್ನು ಮಾತ್ರ. ಹಾಕುವ ಮೊದಲೂ ತೆಗೆದ ಮೇಲೂ ಕೈ ಶುಚಿ ಮಾಡಲೇಬೇಕು.

ಅವಧಿಗೆ ಮೊದಲೇ ಹುಟ್ಟಿದ ಮಗುವಿನ ಚರ್ಮ ತುಂಬಾ ತೆಳು. ತಾಯಿಯ ರೋಗನಿರೋಧಕ ಶಕ್ತಿ ಮಗುವಿಗೆ ಹೆಚ್ಚಾಗಿ ಸಿಗುವುದು ಕೊನೆಯ ತಿಂಗಳುಗಳಲ್ಲಿ, ಅದೂ ಪೂರ್ತಿ ಸಿಕ್ಕಿರುವುದಿಲ್ಲ. ದೆಹಲಿಯ 3 ಆಸ್ಪತ್ರೆಗಳ ನವಜಾತ ಶಿಶುಗಳ ಬಗ್ಗೆ 2016ರಲ್ಲಿ ಬಂದ ಅಧ್ಯಯನದಲ್ಲಿ ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾಗಳೇ ಜಾಸ್ತಿ ಕಂಡವು. ಎಷ್ಟೋ ಆ್ಯಂಟಿಬಯೋಟಿಕ್‌ಗಳಿಗೆ ಇವು ಬಗ್ಗುವುದೇ ಇಲ್ಲ.

ಟ್ರೈನಿಂಗ್‌ನಲ್ಲಿ ಹೇಳಿಕೊಡುವುದು ಸರಳ. ಉಂಗುರ, ಬಳೆ, ವಾಚು ತೆಗಿ, ಅಂಗಿ ತೋಳು ಮೊಣಕೈವರೆಗೆ ಮಡಿಸು. ಕೈ ಶುಚಿ ಮಾಡಲು ಹ್ಯಾಂಡ್‌ರಬ್ (ಕೈಗೆ ಉಜ್ಜುವ ಸ್ಯಾನಿಟೈಸರ್) ಆದರೆ 20–30 ಸೆಕೆಂಡು, ಸೋಪು ನೀರಾದರೆ 40–60 ಸೆಕೆಂಡು. ಡ್ರಿಪ್ ಲೈನಿಗೆ ಔಷಧಿ ಹಾಕುವ ಮುಂಚೆ ಅದರ ಬಾಯಿಯನ್ನು ಸ್ಪಿರಿಟ್ ಸ್ವಾಬ್‌ನಿಂದ ಚೆನ್ನಾಗಿ ಉಜ್ಜಿ ಒಣಗಲು ಬಿಡು. ಈ ಒಣಗಲು ಬಿಡುವುದಿದೆಯಲ್ಲ, ಗಡಿಬಿಡಿಯಲ್ಲಿ ಮೊದಲು ತಪ್ಪುವುದೇ ಅದು! ಒಂದೇ ಐವಿ ಬಾಟಲಿಯಿಂದ ನಾಲ್ಕಾರು ಮಕ್ಕಳಿಗೆ ಎಳೆದು ಕೊಡುವ ಹಳೇ ಅಭ್ಯಾಸ ಇನ್ನೂ ಅಪಾಯ, ಬಾಟಲಿಯೊಳಗೆ ಬ್ಯಾಕ್ಟೀರಿಯಾ ಸೇರಿದರೆ ಅಷ್ಟೂ ಮಕ್ಕಳ ರಕ್ತಕ್ಕೆ ಹೋಗುತ್ತದೆ.

ಒಳ್ಳೆ ಟ್ರೈನಿಂಗ್‌ನಲ್ಲಿ ಒಂದು ಆಟ ಇರುತ್ತದೆ. ಹೊಳೆಯುವ ಜೆಲ್ ಹಚ್ಚಿಕೊಂಡು, ಯಾವಾಗಿನಂತೆ ಕೈ ತೊಳೆದು, ನೇರಳಾತೀತ (ಯುವಿ) ದೀಪದ ಕೆಳಗೆ ಹಿಡಿಯಬೇಕು. ಅಂಗೈ ಸ್ವಚ್ಛ, ಆದರೆ ಹೆಬ್ಬೆರಳು, ಬೆರಳ ತುದಿ, ಉಗುರಿನ ಅಂಚು ಮಿಣಮಿಣ ಹೊಳೆಯುತ್ತಿರುತ್ತವೆ. ಇಪ್ಪತ್ತು ವರ್ಷ ಸರ್ವಿಸ್ ಆದವರೂ ಪೆಚ್ಚಾಗುತ್ತಾರೆ. ಒಂದು ಗಂಟೆಯ ಸ್ಲೈಡ್ ಶೋಗಿಂತ ಇದೇ ವಾಸಿ ಅನ್ನುತ್ತೇನೆ.

ಆದರೆ ವಿಷಯ ಗೊತ್ತಿಲ್ಲದೆ ತಪ್ಪು ಮಾಡುವವರು ಕಡಿಮೆ. ನೈಟ್ ಡ್ಯೂಟಿಯಲ್ಲಿ ಒಬ್ಬ ಸಿಸ್ಟರ್ ತಲೆ ಮೇಲೆ ಎಂಟು ಮಕ್ಕಳಿದ್ದು, ಎರಡು ಕಡೆ ಅಲಾರಂ ಹೊಡೆಯುತ್ತಿದ್ದರೆ 30 ಸೆಕೆಂಡು ಎಲ್ಲಿಂದ ತರಬೇಕು ಹೇಳಿ? ಹಾಗಾಗಿ ಸಾಕಷ್ಟು ಜನ ಬೇಕು, ಪ್ರತಿ ಹಾಸಿಗೆ ಹತ್ತಿರ ಹ್ಯಾಂಡ್‌ರಬ್ ಬೇಕು, ವಾರ್ಡಿನಲ್ಲೇ ನಿಂತು ನೋಡಿ ಅಲ್ಲೇ ತಿದ್ದುವವರು ಬೇಕು. ನೆಲ ಒರೆಸುವ ಆಯಾಗೂ ಟ್ರೈನಿಂಗ್ ಬೇಕು, ರೌಂಡ್ಸಿಗೆ ಬರುವ ದೊಡ್ಡ ಡಾಕ್ಟರಿಗೂ ಬೇಕು. ಮೊನ್ನೆ ಸೇರಿದ ನರ್ಸ್ "ಸರ್, ಹ್ಯಾಂಡ್‌ರಬ್" ಅಂದಾಗ ಆ ಡಾಕ್ಟರ್ ಸಿಟ್ಟಾಗದೆ ಕೈ ಚಾಚಿದರೆ ಅಲ್ಲಿ ಟ್ರೈನಿಂಗ್ ನಾಟಿದೆ ಅಂತ ಅರ್ಥ.

ನೀವೂ ಸುಮ್ನೆ ಕೂರಬೇಡಿ. ಒಳಗೆ ಹೋಗುವಾಗ ಮೊಬೈಲ್ ಹೊರಗಿಡಿ, ಮೊಣಕೈವರೆಗೆ ತೊಳೆಯಿರಿ. ತಂಗಿಗೆ ಎದೆಹಾಲು ಹಿಂಡಿಕೊಡಲು ಹೇಳಿ. ಮಗುವನ್ನು ಎದೆಗೊತ್ತಿಕೊಳ್ಳುವ ಕಾಂಗರೂ ಆರೈಕೆ ಯಾವಾಗ ಶುರು ಮಾಡಬಹುದು ಅಂತ ಡಾಕ್ಟರನ್ನು ಕೇಳಿ, ಇವೆರಡೂ ಸೋಂಕು ಕಡಿಮೆ ಮಾಡುತ್ತವೆ. ಹ್ಯಾಂಡ್‌ರಬ್ ಬಾಟಲಿ ಖಾಲಿ ಕಂಡರೆ ಸಿಸ್ಟರ್‌ಗೆ ಹೇಳಿಬಿಡಿ, ಸಂಕೋಚ ಬೇಡ.