ನಿಸರ್ಗ ನಿಯಮ: ನಿಯಮವಿದ್ದ ಮಾತ್ರಕ್ಕೆ ನಿಯಾಮಕ ಇರಬೇಕೇ?

‘ಕೆಂಪು ದೀಪ ಕಂಡರೆ ವಾಹನ ನಿಲ್ಲಿಸಬೇಕು’ ಎನ್ನುವುದೂ ನಿಯಮ, ‘ಕೈಬಿಟ್ಟ ಕಲ್ಲು ಕೆಳಕ್ಕೆ ಬೀಳುತ್ತದೆ’ ಎನ್ನುವುದೂ ನಿಯಮ. ಕನ್ನಡದಲ್ಲಿ ಎರಡಕ್ಕೂ ಒಂದೇ ಪದ. ಆದರೆ ವಾಕ್ಯದ ಬಾಲ ನೋಡಿ: ಮೊದಲನೆಯದು ‘ಬೇಕು’ ಎಂದು ಮುಗಿಯುತ್ತದೆ, ಎರಡನೆಯದು ‘ಉತ್ತದೆ’ ಎಂದು. ಒಂದು ಅಪ್ಪಣೆ, ಇನ್ನೊಂದು ವರದಿ. ಅಪ್ಪಣೆಯಾದರೆ ಅದನ್ನು ಕೊಟ್ಟವರು ಯಾರೋ ಇರಲೇಬೇಕು; ವರದಿಗೆ ಬರೆದವರಿದ್ದರೆ ಸಾಕು. ‘ನಿಸರ್ಗದಲ್ಲಿ ನಿಯಮಗಳಿವೆ, ಆದ್ದರಿಂದ ನಿಯಾಮಕನೂ ಇದ್ದಾನೆ’ ಎಂಬ ವಾದದ ಅರ್ಧ ಬಲ, ಈ ಎರಡು ಅರ್ಥಗಳನ್ನು ಒಂದೇ ಚೀಲಕ್ಕೆ ತುಂಬಿದ್ದರಿಂದ ಬಂದದ್ದು. ಉಳಿದರ್ಧ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ.

ಎರಡನ್ನೂ ಬೇರ್ಪಡಿಸುವ ಪರೀಕ್ಷೆ ಇಷ್ಟೇ: ನಿಯಮ ಮುರಿದಾಗ ತಪ್ಪು ಯಾರ ತಲೆಗೆ ಬರುತ್ತದೆ? ಕೆಂಪು ದೀಪ ದಾಟಿದರೆ ಚಾಲಕ ತಪ್ಪಿತಸ್ಥ, ನಿಯಮ ಇದ್ದಹಾಗೇ ಇರುತ್ತದೆ. ಬುಧಗ್ರಹದ ವಿಷಯದಲ್ಲಿ ಆದದ್ದು ಬೇರೆ. ಸೂರ್ಯನಿಗೆ ಅತಿ ಹತ್ತಿರವಾಗುವ ಅದರ ಕಕ್ಷೆಯ ಬಿಂದು, ನ್ಯೂಟನ್ನನ ಲೆಕ್ಕಕ್ಕಿಂತ ಶತಮಾನಕ್ಕೆ ಸುಮಾರು 43 ಕೋನ ಸೆಕೆಂಡು ಹೆಚ್ಚು ಸರಿಯುತ್ತದೆ. ಕೋನ ಸೆಕೆಂಡು ಎಂದರೆ ಒಂದು ಡಿಗ್ರಿಯ 3600ನೇ ಭಾಗ. ಆದರೂ ವ್ಯತ್ಯಾಸ ವ್ಯತ್ಯಾಸವೇ. 1859ರಲ್ಲಿ ಫ್ರೆಂಚ್ ಖಗೋಳಜ್ಞ ಲವೆರಿಯೆ ಇದನ್ನು ತೋರಿಸಿದಾಗ ಮೊದಲು ಹುಡುಕಿದ್ದು ಕಾಣದ ಇನ್ನೊಂದು ಗ್ರಹವನ್ನು. ಹಿಂದೆ ಯುರೇನಸ್ ಲೆಕ್ಕ ತಪ್ಪಿದಾಗ ಹಾಗೆ ಹುಡುಕಿಯೇ 1846ರಲ್ಲಿ ನೆಪ್ಚೂನ್ ಸಿಕ್ಕಿತ್ತು. ಈ ಸಲ ಏನೂ ಸಿಗಲಿಲ್ಲ. 1915ರಲ್ಲಿ ಐನ್‌ಸ್ಟೈನ್ ಗುರುತ್ವದ ಲೆಕ್ಕವನ್ನೇ ಬದಲಿಸಿದಾಗ ಆ 43 ಸರಿಯಾಗಿ ಕೂತಿತು. ಬುಧನಿಗೆ ಯಾರೂ ದಂಡ ಹಾಕಲಿಲ್ಲ, ತಿದ್ದುಪಡಿ ಆದದ್ದು ನಿಯಮಕ್ಕೆ.

ಹಾಗೆಂದು ಕಂಡ ಕಂಡ ವರದಿಯೆಲ್ಲ ನಿಸರ್ಗ ನಿಯಮವಲ್ಲ. ತತ್ತ್ವಶಾಸ್ತ್ರದ ಪಾಠಗಳಲ್ಲಿ ಬರುವ ಹಳೆಯ ಉದಾಹರಣೆಯೊಂದಿದೆ: ‘ಒಂದು ಕಿಲೋಮೀಟರ್ ಅಗಲದ ಚಿನ್ನದ ಗುಂಡು ಎಲ್ಲೂ ಇಲ್ಲ’, ‘ಒಂದು ಕಿಲೋಮೀಟರ್ ಅಗಲದ ಯುರೇನಿಯಂ-235ರ ಗುಂಡು ಎಲ್ಲೂ ಇಲ್ಲ’. ಎರಡೂ ನಿಜವೇ ಇರಬಹುದು. ಮೊದಲನೆಯದು ಅಷ್ಟು ಚಿನ್ನ ಒಂದೆಡೆ ಕೂಡದೇ ಹೋದ ಆಕಸ್ಮಿಕ. ಎರಡನೆಯದು ಆಗಲು ಸಾಧ್ಯವೇ ಇಲ್ಲ, ಏಕೆಂದರೆ ಬರಿಯ ಯುರೇನಿಯಂ-235 ಸುಮಾರು 52 ಕಿಲೋಗ್ರಾಂ, ಅಂದರೆ ಹೆಚ್ಚುಕಡಿಮೆ 17 ಸೆಂಟಿಮೀಟರ್ ಅಗಲದ ಗುಂಡಾಗುವಷ್ಟರಲ್ಲೇ, ಒಂದು ಪರಮಾಣು ಒಡೆದು ಮುಂದಿನದನ್ನು ಒಡೆಯುವ ಸರಪಳಿ ಕ್ರಿಯೆ ತಾನಾಗಿ ನಡೆಯಲು ತೊಡಗುತ್ತದೆ. ‘ಇದ್ದಿದ್ದರೆ ಏನಾಗುತ್ತಿತ್ತು’ ಎಂಬ ಪ್ರಶ್ನೆಗೆ ಉತ್ತರ ಕೊಡಬಲ್ಲ ವರದಿಗಷ್ಟೇ ನಿಯಮ ಎಂಬ ಹೆಸರು ಸಲ್ಲುತ್ತದೆ.

ಇನ್ನೊಂದು ಜರಡಿಯೂ ಬೇಕು. ಶಾಲೆಯಲ್ಲಿ ಕಲಿತ ನಿಯಮಗಳೆಲ್ಲ ಮೂಲ ನಿಯಮಗಳಲ್ಲ. ಹುಕ್‌ನ ನಿಯಮ ತೆಗೆದುಕೊಳ್ಳಿ: ಎಳೆತ ಎರಡರಷ್ಟಾದರೆ ಸ್ಪ್ರಿಂಗ್ ಹಿಗ್ಗುವುದೂ ಎರಡರಷ್ಟು. ಸ್ಥಿತಿಸ್ಥಾಪಕ ಮಿತಿ ದಾಟಿದರೆ ಇದು ಕೆಡುತ್ತದೆ, ಸ್ಪ್ರಿಂಗ್ ಮತ್ತೆ ಮೊದಲಿನ ಉದ್ದಕ್ಕೆ ಬರುವುದಿಲ್ಲ. ಮಿತಿಯೊಳಗೆ ಅದು ನಡೆಯುವುದಾದರೂ ಏಕೆ? ಗುಂಡಿಯ ತಳ ಯಾವ ಆಕಾರದ್ದೇ ಇರಲಿ, ನುಣುಪಾಗಿದ್ದರೆ ತೀರ ಹತ್ತಿರದಿಂದ ಪ್ಯಾರಾಬೊಲಾದಂತೆ ಕಾಣುತ್ತದೆ. ಪರಮಾಣುಗಳ ನಡುವಿನ ದೂರ ಬದಲಾದಂತೆ ಶಕ್ತಿ ಬದಲಾಗುವ ರೇಖೆಗೂ ಇಂಥದೇ ತಳವಿದೆ, ಹಾಗಾಗಿ ಸಣ್ಣ ಹಿಗ್ಗಿಗೆ ಬಲ ನೇರ ಅನುಪಾತದಲ್ಲಿ ಏರುತ್ತದೆ. ಇದನ್ನು ಪ್ರತ್ಯೇಕವಾಗಿ ಯಾರೂ ವಿಧಿಸಬೇಕಿಲ್ಲ, ಗಣಿತವೇ ಬಿಟ್ಟಿಯಾಗಿ ಕೊಡುತ್ತದೆ. ದೈವಮೂಲದ ಪ್ರಶ್ನೆ ಏಳುವುದು ಹೀಗೆ ಇನ್ನೊಂದರಿಂದ ಹುಟ್ಟದ, ತಳದಲ್ಲಿ ಉಳಿಯುವ ಕೆಲವೇ ನಿಯಮಗಳ ಬಗ್ಗೆ.

ವಾದವನ್ನು ಬಿಚ್ಚಿಟ್ಟರೆ ಮೂರು ಮೆಟ್ಟಿಲು: ನಿಸರ್ಗದಲ್ಲಿ ಎಲ್ಲೆಡೆ ಒಂದೇ ಬಗೆಯ ಕ್ರಮವಿದೆ, ಇಷ್ಟು ವ್ಯಾಪಕ ಕ್ರಮ ಕಾಕತಾಳೀಯವಾಗಿರಲಾರದು, ಕಾಕತಾಳೀಯವಲ್ಲದಿದ್ದರೆ ಅದರ ಹಿಂದೆ ಒಂದು ಸಂಕಲ್ಪವಿದೆ. ಮೊದಲನೆಯದನ್ನು ಎಲ್ಲರೂ ಒಪ್ಪುತ್ತಾರೆ. ಜಗಳವೆಲ್ಲ ಎರಡನೆಯ ಮತ್ತು ಮೂರನೆಯ ಮೆಟ್ಟಿಲಿನ ಮೇಲೆ. ಅಲ್ಲಿ ಜಾರುವುದು ಹೇಗೆ ಎನ್ನುವುದಕ್ಕೆ ಫ್ರೆಂಚ್ ತತ್ತ್ವಜ್ಞಾನಿ ಡೆಕಾರ್ಟ್‌ನ ಲೆಕ್ಕಕ್ಕಿಂತ ಒಳ್ಳೆಯ ಮಾದರಿ ಸಿಗುವುದು ಕಷ್ಟ.

1644ರಲ್ಲಿ ಡೆಕಾರ್ಟ್ ಚಲನೆಯ ನಿಯಮಗಳನ್ನು ನೇರ ದೇವರ ಸ್ವಭಾವದಿಂದಲೇ ತೆಗೆದ. ದೇವರು ಬದಲಾಗದವನು, ಆದ್ದರಿಂದ ಅವನು ಜಗತ್ತಿಗೆ ಕೊಟ್ಟ ಒಟ್ಟು ಚಲನೆಯೂ ಬದಲಾಗದು. ಚಲನೆಯ ಅಳತೆ ದ್ರವ್ಯರಾಶಿ ಗುಣಿಸು ಜವ (ಇಂದಿನ ಮಾತಿನಲ್ಲಿ ಹೇಳುವುದಾದರೆ). ದಿಕ್ಕಿಗೆ ಅಲ್ಲಿ ಲೆಕ್ಕವಿಲ್ಲ. ಇದರಿಂದ ಅವನಿಗೆ ಸಿಕ್ಕ ಡಿಕ್ಕಿಯ ನಿಯಮಗಳಲ್ಲಿ ಒಂದು: ನಿಂತಿರುವ ದೊಡ್ಡ ವಸ್ತುವಿಗೆ ಸಣ್ಣದು ಎಷ್ಟೇ ಜೋರಾಗಿ ಬಡಿದರೂ ದೊಡ್ಡದು ಅಲುಗದು, ಸಣ್ಣದು ಬಂದ ಜವದಲ್ಲೇ ಹಿಂದಿರುಗುತ್ತದೆ. ಈಗ 1 ಕಿಲೋಗ್ರಾಂ ಗೋಲ ಸೆಕೆಂಡಿಗೆ 6 ಮೀಟರ್ ಜವದಲ್ಲಿ ಬಂದು, ನಿಂತಿರುವ 2 ಕಿಲೋಗ್ರಾಂ ಗೋಲಕ್ಕೆ ಬಡಿಯಲಿ. ಎರಡೂ ಚೆನ್ನಾಗಿ ಪುಟಿಯುವ ಗಟ್ಟಿ ಗೋಲಗಳು. ಸಣ್ಣದು 2 ಮೀಟರ್ ಜವದಲ್ಲಿ ಹಿಂದಕ್ಕೆ ಬರುತ್ತದೆ, ದೊಡ್ಡದು 4 ಮೀಟರ್ ಜವದಲ್ಲಿ ಮುಂದಕ್ಕೆ ಹೋಗುತ್ತದೆ. ಡೆಕಾರ್ಟ್‌ನ ಅಳತೆ ಡಿಕ್ಕಿಗೆ ಮೊದಲು 6, ಆಮೇಲೆ 2 ಕೂಡು 8, ಅಂದರೆ 10. ಬದಲಾಗಬಾರದ್ದು ಬದಲಾಗಿಬಿಟ್ಟಿತು! ಹಿಂದಕ್ಕೆ ಬಂದದ್ದನ್ನು ಋಣವೆಂದು ಹಿಡಿದರೆ ಮಾತ್ರ 8 ಕಳೆ 2, ಸರಿಯಾಗಿ 6. ದಿಕ್ಕನ್ನು ಸೇರಿಸಿಕೊಂಡ ಈ ಸಂವೇಗವೇ ಉಳಿಯುವ ರಾಶಿ. ಡಚ್ ವಿಜ್ಞಾನಿ ಹೈಗೆನ್ಸ್ ಮುಂತಾದವರು 1660ರ ದಶಕದಲ್ಲಿ ಇದನ್ನು ನೇರ್ಪಡಿಸಿದರು.

ಇಲ್ಲಿ ಸೋತದ್ದು ದೇವರ ಅಚಲತೆಯಲ್ಲ. ಅದನ್ನು ಪೂರ್ತಿ ಒಪ್ಪಿದರೂ, ಅವನು ಅಚಲವಾಗಿ ಇಟ್ಟದ್ದು ಯಾವ ರಾಶಿಯನ್ನು ಎಂದು ಅದರಿಂದ ತಿಳಿಯುವುದಿಲ್ಲ. ಗೋಲಗಳನ್ನೇ ಕೇಳಬೇಕು. ವಿಚಿತ್ರವೆಂದರೆ ಡೆಕಾರ್ಟ್‌ನ ಊಹೆ ಬೇರೆ ವೇಷದಲ್ಲಿ ಮರಳಿತು: ನಿಯಮಗಳು ನಿನ್ನೆ ಇದ್ದಂತೆಯೇ ಇಂದೂ ಇದ್ದರೆ ಶಕ್ತಿ ಸಂರಕ್ಷಣೆ ತಾನಾಗಿ ಬರುತ್ತದೆ ಎಂದು 1918ರಲ್ಲಿ ಜರ್ಮನ್ ಗಣಿತಜ್ಞೆ ಎಮ್ಮಿ ನೋಥರ್ ಸಾಧಿಸಿದರು. ಹಿಗ್ಗುತ್ತಿರುವ ವಿಶ್ವದಲ್ಲಿ ನಿನ್ನೆ ಇದ್ದಂತೆಯೇ ಇಂದೂ ಎನ್ನುವ ಕಾಲದ ಆ ಸಮಮಿತಿ ಒಟ್ಟಾರೆಯಾಗಿ ಇಲ್ಲ, ಹಾಗಾಗಿ ಇಡೀ ವಿಶ್ವದ ಶಕ್ತಿ ಸಂರಕ್ಷಣೆಯೂ ಅಲ್ಲಿ ಸಡಿಲವಾಗುತ್ತದೆ.

ಇಂಥದೇ ಎಡವಟ್ಟು ಫ್ರೆಂಚ್ ಗಣಿತಜ್ಞ ಮೊಪರ್ಟ್ಯೂಯಿಯದು. ನಿಸರ್ಗ ಯಾವಾಗಲೂ ‘ಕ್ರಿಯೆ’ ಎಂಬ ರಾಶಿಯನ್ನು (ದ್ರವ್ಯರಾಶಿ, ಜವ, ಸಾಗಿದ ದೂರ ಮೂರರ ಗುಣಲಬ್ಧ) ಅತಿ ಕಡಿಮೆ ಖರ್ಚು ಮಾಡುವ ದಾರಿ ಹಿಡಿಯುತ್ತದೆ, ಈ ಮಿತವ್ಯಯವೇ ಸೃಷ್ಟಿಕರ್ತನಿಗೆ ಸಾಕ್ಷಿ ಎಂದು ಅವನು 1740ರ ದಶಕದಲ್ಲಿ ಸಾರಿದ. ಆಮೇಲೆ ತಿಳಿದದ್ದು, ಖರ್ಚು ಅತಿ ಕಡಿಮೆಯೇ ಆಗಬೇಕೆಂದಿಲ್ಲ. ದಾರಿಯನ್ನು ತುಸು ಅತ್ತಿತ್ತ ಸರಿಸಿದರೆ ಲೆಕ್ಕ ಬದಲಾಗದಿದ್ದರೆ ಸಾಕು. ಬೆಳಕಿನ ಲೆಕ್ಕದಲ್ಲಿ ಖರ್ಚಿನ ಜಾಗಕ್ಕೆ ಹೊತ್ತು ಬರುತ್ತದೆ; ಕೆಲವು ನಿಮ್ನ ಕನ್ನಡಿಗಳಲ್ಲಿ ಬೆಳಕು ಹಿಡಿಯುವುದು ಅಕ್ಕಪಕ್ಕದ ದಾರಿಗಳಿಗಿಂತ ಹೆಚ್ಚು ಹೊತ್ತು ತಗಲುವ ದಾರಿಯನ್ನೇ.

ಈಗ ವಾದದ ಗಟ್ಟಿ ಅರ್ಧ. ನಿಯಮ ಬರೀ ವರದಿ ಎಂದು ಹದಿನೆಂಟನೆಯ ಶತಮಾನದ ತತ್ತ್ವಜ್ಞಾನಿ ಹ್ಯೂಮ್‌ನ ಪರಂಪರೆಯವರು ಹೇಳುತ್ತಾರೆ. ಎಲ್ಲ ಘಟನೆಗಳನ್ನು ಅತಿ ಸರಳವಾಗಿ, ಅತಿ ಹೆಚ್ಚು ಮಾಹಿತಿಯೊಂದಿಗೆ ಅಡಕಗೊಳಿಸುವ ಸೂತ್ರಗಳೇ ನಿಯಮಗಳು ಎಂಬುದು ಇಪ್ಪತ್ತನೆಯ ಶತಮಾನದ ಅಮೆರಿಕದ ತತ್ತ್ವಜ್ಞಾನಿ ಡೇವಿಡ್ ಲೂಯಿಸ್ ಇದಕ್ಕೆ ಕೊಟ್ಟ ರೂಪ. ಹಾಗಾದರೆ ಮಂಗಳ, ಗುರು ಎರಡೂ ಒಂದೇ ಸೂತ್ರಕ್ಕೆ ಹೊಂದುವುದೇಕೆ? ಸೂರ್ಯನಿಂದ ಭೂಮಿಯ ದೂರ 1 ಎಂದಿಟ್ಟರೆ ಮಂಗಳ 1.524ರಲ್ಲಿದೆ, ಸುತ್ತಲು 1.881 ವರ್ಷ. ದೂರದ ಘನವೂ ಅವಧಿಯ ವರ್ಗವೂ 3.54. ಗುರುವಿಗೆ 5.203 ಮತ್ತು 11.86; ಎರಡೂ ಸುಮಾರು 141. ‘ಹಾಗಿದೆ, ಅಷ್ಟೇ’ ಎಂಬ ಉತ್ತರ ಬಾಯಿ ಮುಚ್ಚಿಸುತ್ತದೆಯೇ ಹೊರತು ಮನಸ್ಸು ತುಂಬಿಸುವುದಿಲ್ಲ. ಕೆಪ್ಲರ್‌ನ ಈ ಸೂತ್ರ ಗುರುತ್ವದಿಂದ ಹುಟ್ಟುತ್ತದೆ ಎಂದರೆ ಪ್ರಶ್ನೆ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ, ಮುಗಿಯುವುದಿಲ್ಲ. ಡ್ರೆಟ್ಸ್‌ಕಿ, ಟೂಲಿ, ಆರ್ಮ್‌ಸ್ಟ್ರಾಂಗ್ ಎಂಬ ಮೂವರು ತತ್ತ್ವಜ್ಞಾನಿಗಳೂ ಗುಣಗಳ ನಡುವೆ ನಿಜವಾದೊಂದು ಅವಶ್ಯಕತೆಯ ಕೊಂಡಿ ಇದೆ ಎಂದರು. ಅದಕ್ಕೆ ಲೂಯಿಸ್‌ನ ಕುಹಕ ಪ್ರಸಿದ್ಧ: ಅವಶ್ಯಕತೆ ಎಂದು ಕರೆದ ಮಾತ್ರಕ್ಕೆ ಕೊಂಡಿ ಕೆಲಸ ಮಾಡುವುದಿಲ್ಲ, ಆರ್ಮ್‌ಸ್ಟ್ರಾಂಗ್ (ಬಲವಾದ ತೋಳು) ಎಂಬ ಹೆಸರಿದ್ದ ಮಾತ್ರಕ್ಕೆ ತೋಳು ದಪ್ಪಗಾಗುವುದಿಲ್ಲ. ಭೀಮನೆಂದು ಹೆಸರಿಟ್ಟರೂ ಅಷ್ಟೇ ಅನ್ನಿ.

ಈ ಖಾಲಿ ಜಾಗದಲ್ಲೇ ಸ್ವಿನ್‌ಬರ್ನ್‌ರಂಥ ಆಸ್ತಿಕ ಚಿಂತಕರು ದೇವರ ಸಂಕಲ್ಪವನ್ನು ಇಡುತ್ತಾರೆ. ಸಂಕಲ್ಪದಿಂದ ಕಾರ್ಯ ಆಗುವುದು ನಮಗೆ ಒಳಗಿನಿಂದಲೇ ಗೊತ್ತಿರುವ ಸಂಗತಿ, ಕೈ ಎತ್ತಬೇಕೆಂದರೆ ಏಳುತ್ತದೆ, ಎಂಬುದು ಅವರ ಸಮರ್ಥನೆ. ನನ್ನ ಲೆಕ್ಕದಲ್ಲಿ ಇದು ಗೌರವದಿಂದ ಎದುರಿಸಬೇಕಾದ ಉತ್ತರ, ಆದರೆ ಸಾಲ ತೀರಿದ್ದಲ್ಲ. ‘ದೇವರು ಸಂಕಲ್ಪಿಸಿದ್ದೆಲ್ಲ ಆಗುತ್ತದೆ’ ಎಂಬುದೂ ತಪ್ಪದೆ ನಡೆಯುವ ಕ್ರಮವೇ. ಅದಕ್ಕೆ ಬೇರೆ ನಿಯಾಮಕ ಬೇಡವಾದರೆ, ನಿಯಾಮಕ ಬೇಡದ ಕ್ರಮವೊಂದು ಇದೆ ಎಂದು ಒಪ್ಪಿದಂತಾಯಿತು. ದೇವರ ಅಸ್ತಿತ್ವ ಅನಿವಾರ್ಯ, ಗುರುತ್ವದ್ದು ಅಲ್ಲ ಎಂದು ಅವರಲ್ಲಿ ಹಲವರು ಬೇರ್ಪಡಿಸುತ್ತಾರೆ. ಆಗ ಚರ್ಚೆ ಆ ಅನಿವಾರ್ಯತೆಯ ಮೇಲೆ ಹೋಗಿ ನಿಲ್ಲುತ್ತದೆ. ಎದುರು ಪಾಳೆಯದವರು ‘ನಿಯಮಗಳೇ ವಿಶ್ವವನ್ನು ಸೃಷ್ಟಿಸಿದವು’ ಎನ್ನುವುದು ಇದಕ್ಕಿಂತ ಕೆಟ್ಟ ಗೊಂದಲ. ವರದಿ ಏನನ್ನೂ ಸೃಷ್ಟಿಸುವುದಿಲ್ಲ. ನಿಯಮಗಳೊಳಗಿನ ಸ್ಥಿರಾಂಕಗಳ (ಬದಲಾಗದ ಸಂಖ್ಯೆಗಳ) ಬೆಲೆ ಜೀವಕ್ಕೆ ತಕ್ಕಂತಿದೆ ಎಂಬ ವಾದವೂ ಆಗಾಗ ಇಲ್ಲಿ ನುಸುಳುತ್ತದೆ, ಆದರೆ ಅದು ಸಂಖ್ಯೆಗಳ ಪ್ರಶ್ನೆ. ನಿಯಮ ಎಂಬುದೇ ಏಕಿದೆ ಎಂಬ ಪ್ರಶ್ನೆ ಬೇರೆ.

ತರ್ಕಕ್ಕೆ ಹೆಸರಾದ ನ್ಯಾಯದರ್ಶನದ ಆಚಾರ್ಯ ಉದಯನ ಈಶ್ವರನನ್ನು ಸಾಧಿಸುವಾಗ ಹಿಡಿದ ಹೇತುಗಳಲ್ಲಿ (ಆಧಾರವಾಗಿ ಮುಂದಿಟ್ಟ ಯುಕ್ತಿಗಳಲ್ಲಿ) ಮೊದಲನೆಯದು ಕಾರ್ಯತ್ವ: ಜಗತ್ತು ಕಾರ್ಯ (ಅಂದರೆ ಉಂಟಾದದ್ದು), ಕಾರ್ಯಕ್ಕೆ ಕರ್ತೃ ಬೇಕು, ಮಡಕೆಗೆ ಕುಂಬಾರನಂತೆ. ಜಗತ್ತು ಒಟ್ಟಾರೆ ಇಲ್ಲದಿದ್ದ ಕಾಲವೇ ಇರಲಿಲ್ಲ, ಹಾಗಾಗಿ ಹೇತುವೇ ಅಸಿದ್ಧ (ಸಾಬೀತಾಗದ್ದು) ಎಂಬುದು ಇನ್ನೊಂದು ದರ್ಶನದವರಾದ ಮೀಮಾಂಸಕರ ನಿಲುವು. ನಿಯಮಗಳಿಗೆ ಈ ಹೇತುವನ್ನು ಹಚ್ಚುವುದು ಇನ್ನೂ ಕಷ್ಟ. ಮಡಕೆಗೆ ‘ಮೊದಲು ಇರಲಿಲ್ಲ’ ಎನ್ನುವ ಕಾಲವಿದೆ; ನಿಯಮಕ್ಕೆ ಅಂಥ ಕಾಲವನ್ನು ತೋರಿಸುವುದು ಹೇಗೆ? ಆದ್ದರಿಂದ ಆಸ್ತಿಕರಿಗೆ ಕುಂಬಾರನಿಗಿಂತ ಹಾಡುಗಾರನ ಹೋಲಿಕೆ ಒಪ್ಪುತ್ತದೆ. ಕುಂಬಾರ ಎದ್ದುಹೋದರೂ ಮಡಕೆ ಉಳಿಯುತ್ತದೆ, ಹಾಡುಗಾರ ನಿಲ್ಲಿಸಿದರೆ ಹಾಡೇ ಇಲ್ಲ. ಹನ್ನೊಂದನೆಯ ಶತಮಾನದ ಕೊನೆಯಲ್ಲಿ ಇಸ್ಲಾಂ ಧರ್ಮಚಿಂತಕ ಅಲ್ ಗಜಾಲಿ ಹೇಳಿದ್ದು ಇದಕ್ಕೆ ಹತ್ತಿರದ್ದು: ಬೆಂಕಿ ಹತ್ತಿಯನ್ನು ಸುಡುವುದಲ್ಲ, ಎರಡೂ ತಾಗಿದಾಗ ಪ್ರತಿ ಸಲವೂ ಸುಡುವವನು ದೇವರು, ಬೆಂಕಿಯದು ಎಂದು ನಾವು ಅಂದುಕೊಂಡದ್ದು ಅವನ ವಾಡಿಕೆ. ಈ ನಿಲುವನ್ನು ಯಾವ ಪ್ರಯೋಗವೂ ಕೆಡವಲಾರದು, ಯಾವ ಪ್ರಯೋಗವೂ ಎತ್ತಿ ನಿಲ್ಲಿಸಲಾರದು. ವಾಡಿಕೆ ಎನ್ನಿ, ನಿಯಮ ಎನ್ನಿ, ಬುಧನ ಕಕ್ಷೆಯ ಲೆಕ್ಕದಲ್ಲಿ ಬರುವುದು ಅದೇ 43.