ಶಾಲೆಯ ಹೊತ್ತಿಗೇ ಬರುವ ಹೊಟ್ಟೆನೋವು

ಏಳೆಂಟು ವರ್ಷದ ಮಗು ತನಗೆ ಆತಂಕವಾಗುತ್ತಿದೆ ಎಂದು ಹೇಳುವುದಿಲ್ಲ. ಹೊಟ್ಟೆ ನೋಯುತ್ತಿದೆ ಎನ್ನುತ್ತದೆ. ನಮ್ಮಲ್ಲಿಗೆ ಬರುವ ಪ್ರಾಥಮಿಕ ಶಾಲೆಯ ಮಕ್ಕಳಲ್ಲಿ ಅನೇಕರು ಅದಕ್ಕೂ ಮೊದಲು ಜಂತುಹುಳುವಿನ ಮಾತ್ರೆ, ಸ್ಕ್ಯಾನಿಂಗ್, ದೃಷ್ಟಿ ತೆಗೆಸುವುದು ಎಲ್ಲವನ್ನೂ ಮುಗಿಸಿರುತ್ತಾರೆ. ನೋವು ನಾಟಕವಲ್ಲ, ಭಯವಾದಾಗ ಕರುಳಿನ ಚಲನೆಯೇ ಬದಲಾಗಿ ಹೊಟ್ಟೆ ನಿಜವಾಗಿಯೂ ನೋಯುತ್ತದೆ. ತೂಕ ಇಳಿಯುತ್ತಿದ್ದರೆ ಅಥವಾ ನೋವಿನಿಂದ ಮಗು ರಾತ್ರಿ ಎಚ್ಚರಗೊಳ್ಳುತ್ತಿದ್ದರೆ ಮಕ್ಕಳ ವೈದ್ಯರು ಮೊದಲು ನೋಡಬೇಕು. ಆದರೆ ಶಾಲೆಗೆ ಹೊರಡುವ ಹೊತ್ತಿಗೆ ಬಂದು, ಗಂಟೆ ಹೊಡೆದ ಮೇಲೆ ಮಾಯವಾಗಿ, ಭಾನುವಾರ ಸುಳಿಯದ ನೋವಿನ ಕಾರಣವನ್ನು ತರಗತಿಯಲ್ಲೋ ಮನೆಯಲ್ಲೋ ಹುಡುಕಬೇಕಾಗುತ್ತದೆ.

ಇದಕ್ಕೆ ಶಿಕ್ಷಕರ ಕೈಯಲ್ಲಿರುವ ಉತ್ತಮ ಸಾಧನವೆಂದರೆ ಹಾಜರಿ ಪುಸ್ತಕ. ಗೈರುಹಾಜರಿ ದಸರಾ ರಜೆಯ ನಂತರ ಶುರುವಾಯಿತೇ, ಕಿರುಪರೀಕ್ಷೆಯ ದಿನಗಳಲ್ಲೇ ಬೀಳುತ್ತಿದೆಯೇ ಎಂಬುದು ಅದರಲ್ಲೇ ಕಾಣುತ್ತದೆ. ಮನೆಯಲ್ಲಿ ಉಳಿದ ಪ್ರತಿ ದಿನವೂ ಮಗುವಿಗೆ ನೆಮ್ಮದಿ ಕೊಡುತ್ತದೆ, ಆ ನೆಮ್ಮದಿಯೇ ಮರುದಿನದ ಭಯವನ್ನು ಹೆಚ್ಚಿಸುತ್ತದೆ. ಆದ್ದರಿಂದ ಅರ್ಧ ದಿನದ ಮಟ್ಟಿಗಾದರೂ ಬೇಗ ಮರಳುವುದು ಒಳ್ಳೆಯದು. ಹಾಗೆಂದು ಕಾರಣ ತಿಳಿಯದೆ ಎಳೆದು ತರಬಾರದು. ಚಿಲಕವಿಲ್ಲದ ಶೌಚಾಲಯ, ಅಲ್ಲಿ ಕಾಡುವ ದೊಡ್ಡ ಹುಡುಗರು, ಎಲ್ಲರೆದುರು ಗಟ್ಟಿಯಾಗಿ ಓದಬೇಕಾದ ಅವಮಾನ ಇವುಗಳಲ್ಲಿ ಯಾವುದೂ ಇರಬಹುದು. ಕೆಲವೊಮ್ಮೆ ಮಗುವಿಗೆ ಶಾಲೆಯ ಭಯವೇ ಇರುವುದಿಲ್ಲ: ಕುಡಿದು ಬರುವ ಅಪ್ಪ ತಾನಿಲ್ಲದಾಗ ಅಮ್ಮನನ್ನು ಹೊಡೆದಾನೆಂದು ಅದು ಮನೆಯಲ್ಲೇ ಕಾವಲು ಕೂತಿರುತ್ತದೆ. ಇದನ್ನು ತರಗತಿಯ ಮುಂದೆ ಕೇಳಿದರೆ ಉತ್ತರ ಸಿಗದು. ಬಿಸಿಯೂಟದ ನಂತರ ಹತ್ತು ನಿಮಿಷ ಪಕ್ಕದಲ್ಲಿ ಕುಳಿತು ಕೇಳಿದರೆ ಸಿಕ್ಕೀತು.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಬೆತ್ತ ಹಲವೆಡೆ ಮರೆಯಾಗಿದ್ದರೂ 'ದಡ್ಡ' ಎಂಬ ಮಾತು ಉಳಿದುಕೊಂಡಿದೆ. ಹಾಗೆ ಕರೆಸಿಕೊಳ್ಳುವ ಮಕ್ಕಳಲ್ಲಿ ಕೆಲವರಿಗೆ ಕಲಿಕಾ ನ್ಯೂನತೆ, ಅಂದರೆ ಬುದ್ಧಿಯಿದ್ದರೂ ಓದು, ಬರಹ ಅಥವಾ ಲೆಕ್ಕದಲ್ಲಿ ತೊಡಕು, ಇರುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅದನ್ನು ಅಂಗವೈಕಲ್ಯವೆಂದೇ ಗುರುತಿಸಿದೆ.

ಶಿಕ್ಷಕರನ್ನು ಆಪ್ತಸಮಾಲೋಚಕರನ್ನಾಗಿಸುವ ಉತ್ಸಾಹ ನನಗಿಲ್ಲ. ನಲಿ-ಕಲಿಯ ಮೂರು ತರಗತಿಗಳನ್ನು ಒಟ್ಟಿಗೆ ನಡೆಸಿ, ಹಾಲು-ಮೊಟ್ಟೆಯ ಲೆಕ್ಕವನ್ನೂ ಬರೆಯುವವರಿಗೆ ಮತ್ತೊಂದು ತರಬೇತಿ, ಮತ್ತೊಂದು ವಹಿ ಕೊಡುವುದಕ್ಕಿಂತ ಆ ಹತ್ತು ನಿಮಿಷದ ಬಿಡುವನ್ನು ಮುಖ್ಯ ಶಿಕ್ಷಕರು ಹೊಂದಿಸಿಕೊಡುವುದು ಮೇಲು. ಮನೆಯಲ್ಲಿ ಹಿಂಸೆಯಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. 2022ರಲ್ಲಿ ಆರಂಭವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಗೆ ದಿನದ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ಮಗುವಿನ ವಿಷಯಕ್ಕಷ್ಟೇ ಅಲ್ಲ, ಶಿಕ್ಷಕರು ತಮ್ಮ ನಿದ್ದೆಗೆಟ್ಟ ರಾತ್ರಿಗಳ ಕುರಿತೂ ಕೇಳಬಹುದು.